ಒಲೆಯಿಲ್ಲದ ಮನೆ

ಪ್ರಾಣೇಶ ಮಾಸ್ತರರಿಗೆ ಊರಿನ ಪ್ರತಿ ಮನೆಯೂ ಗೊತ್ತಿತ್ತು, ಹೊಸ್ತಿಲವರೆಗೆ ಮಾತ್ರ. ಮಲಪ್ರಭೆಯ ದಂಡೆಯ ಆ ಊರಿಗೆ ವರ್ಗವಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಹೊಳೆಯ ಕಡೆಗೆ, ಹುಣಸೆಮರದ ಪಕ್ಕ ಒಂದು ಕೋಣೆ. ಎರಡು ಹೊತ್ತಿನ ಊಟ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ.

2007ರಲ್ಲಿ ಹೊಳೆ ಬಂದಾಗ, ಯಾರ ಮನೆ ಎಲ್ಲಿದೆಯೆಂದು ತಿಳಿಯದೆ ದೋಣಿಯವರು ಪೇಚಾಡಿದ್ದರು. ಮರುವರ್ಷ ಬಾಗಲಕೋಟೆಯಿಂದ ವಂದನಾ ಎಂಬ ಹುಡುಗಿ ಬಂದು, ಊರವರೇ ಸೇರಿ ನಕಾಶೆ ಬರೆಯೋಣ, ಕಂಪ್ಯೂಟರಿಗೆ ಹಾಕಿದರೆ ಯಾರು ಬೇಕಾದರೂ ನೋಡಬಹುದು, ತಪ್ಪಿದ್ದರೆ ತಿದ್ದಬಹುದು ಎಂದಳು. ಕೆಲಸ ಮಾಸ್ತರರ ಹೆಗಲಿಗೆ ಬಿತ್ತು. ಸಂಸಾರವಂತರಿಗೆ ಪುರುಸೊತ್ತೆಲ್ಲಿ?

ಮನೆ ಎಣಿಸುವುದರಲ್ಲೇ ಜಗಳ ಶುರುವಾಯಿತು. ಒಂದೇ ಬಾಗಿಲೊಳಗೆ ಮೂವರು ಅಣ್ಣತಮ್ಮಂದಿರು ಬೇರೆಯಾಗಿದ್ದರು. ಮಾಸ್ತರರೇ ತೀರ್ಪು ಕೊಟ್ಟರು: "ಒಲಿಗೊಂದು ಮನಿ." ಎಲ್ಲರೂ ಒಪ್ಪಿದರು. ಕೇಳುವವರಿಲ್ಲದೆ ಒಬ್ಬರೇ ಇರುವವರ ಮನೆಗೆ ಕೆಂಪು ಚುಕ್ಕಿ. ದೋಣಿ ಮೊದಲು ಅಲ್ಲಿಗೆ ಹೋಗಬೇಕು. ನೇಕಾರ ಮುದುಕಿ ದುರ್ಗವ್ವನ ಮನೆಗೆ ಚುಕ್ಕಿ ಇಟ್ಟಾಗ ಆಕೆ ಬಗ್ಗಿ ನೋಡಿದಳು.

2009ರ ದಸರೆ ಮುಗಿದ ಮೂರನೆಯ ದಿನ ಹೊಳೆ ಊರೊಳಗೇ ಬಂತು. ಮಾಸ್ತರರು ತಮ್ಮ ಕೋಣೆಯ ಮಾಳಿಗೆ ಹತ್ತಿ ಕೂತರು. ಬೆಳಿಗ್ಗೆ ಬಂದ ದೋಣಿ ನಕಾಶೆ ಹಿಡಿದು ಚುಕ್ಕಿಯಿಂದ ಚುಕ್ಕಿಗೆ ನೆಟ್ಟಗೆ ಹೋಗುತ್ತಿದ್ದರೆ ಅವರಿಗೆ ಹಿಗ್ಗೋ ಹಿಗ್ಗು. ಅದು ಹುಣಸೆಮರದ ಆಚೆಯಿಂದಲೇ ಹೊರಳಿದಾಗ ಎದ್ದು ನಿಂತರು. ಕೂಗಿದರು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನಕಾಶೆಯಲ್ಲಿ ಹುಣಸೆಮರವಿತ್ತು, ಬಲು ಚಂದ ಬರೆದಿದ್ದರು. ಕೋಣೆ ಇರಲಿಲ್ಲ. ಕೋಣೆಯಲ್ಲಿ ಒಲೆ ಎಲ್ಲಿತ್ತು?

ದಿನವಿಡೀ ಮಾಳಿಗೆಯ ಮೇಲೆ ಅವರನ್ನು ನೀರಿಗಿಂತ ಹೆಚ್ಚು ಹೆದರಿಸಿದ್ದು ಒಂದೇ ಮಾತು: ತಾನು ಕಾಣುತ್ತಿಲ್ಲವೆಂದು ಯಾರಿಗೆ, ಎಷ್ಟು ದಿನಕ್ಕೆ ತಿಳಿದೀತು? ಬೆರಳು ಮಡಚಲು ಒಂದು ಹೆಸರೂ ಹೊಳೆಯದೆ ಅತ್ತುಬಿಟ್ಟರು.

ಇಳಿಹೊತ್ತಿಗೆ ದೋಣಿ ತಿರುಗಿ ಬಂತು. ಊರವರನ್ನು ಒಯ್ದು ಇಳಿಸಿದ್ದ ಗುಡ್ಡದ ಗುಡಿಯಲ್ಲಿ ಜನರನ್ನು ಎಣಿಸಿದಾಗ ನಕಾಶೆಯ ಲೆಕ್ಕ ಸರಿಹೋಗಿತ್ತಂತೆ. ದುರ್ಗವ್ವ ಒಬ್ಬಳೇ, "ಮಾಸ್ತರ್ರು ಎಲ್ಲೆದಾರ?" ಎಂದು ಹಟ ಹಿಡಿದು ಕೂತಿದ್ದಳಂತೆ.

ಗುಡಿಯಲ್ಲಿ, ದೋಣಿಯವರ ಜೊತೆ ಬಂದಿದ್ದ ವಂದನಾ ನಕಾಶೆ ಬಿಚ್ಚಿದಳು. "ಸರ, ನಿಮ್ಮ ಮನಿ ಯಾಕ ಹಾಕಿಲ್ರಿ?"

"ಅಲ್ಲೆ ಒಲಿ ಇಲ್ಲವ್ವಾ."

"ಒಲಿ ಇಲ್ಲಂದ್ರ ಮನಿ ಅಲ್ಲಂತ ಯಾರ್ ಹೇಳ್ಯಾರ್ರಿ?"

ಹೇಳಿದವರು ತಾವೇ. ಮಾಸ್ತರರು ಆಕೆ ಕೊಟ್ಟ ಪೆನ್ಸಿಲ್ಲಿನಿಂದ ಹುಣಸೆಮರದ ಪಕ್ಕ ಸಣ್ಣದೊಂದು ಚೌಕ ಬರೆದರು. ಆಕೆ ಕೆಂಪು ಪೆನ್ಸಿಲ್ಲು ಮುಂದೆ ಹಿಡಿದಳು. ಹನ್ನೆರಡು ಜನರ ಮನೆಗೆ ಚುಕ್ಕಿ ಇಟ್ಟ ಕೈ ಈಗ ಏಳಲಿಲ್ಲ.

ಕಂಬಕ್ಕೆ ಒರಗಿದ್ದ ದುರ್ಗವ್ವ ಬಗ್ಗಿ ನೋಡಿದಳು.

"ಇಡ್ರಿ ಮಾಸ್ತರ್ರ. ನನ್ನ ಮನಿಗೆ ಇಡುವಾಗ ಇಷ್ಟು ಹೊತ್ತು ಹಿಡಿದಿರಲಿಲ್ಲ."