ಒಂದು ಹೊಟ್ಟೆಯಲ್ಲಿ ಎರಡು ಲಿವರು

ಹಸ್ನಾಳ ಹೊಟ್ಟೆಯಲ್ಲಿ ಎರಡು ಲಿವರುಗಳಿದ್ದವು. ಒಂದು ಅವಳದೇ, ಅರ್ಧ ಕತ್ತರಿಸಿ ಉಳಿಸಿದ್ದು. ಇನ್ನೊಂದು ಕಕ್ಕಿಂಜೆಯ ಸೈನಬ ಮಾಮಿಯ ಲಿವರಿನಿಂದ ಕೊಯ್ದು ಪಕ್ಕದಲ್ಲಿ ಕೂರಿಸಿದ್ದು.

ಏಳು ವರ್ಷದ ಹುಡುಗಿಗೆ ಕಾಮಾಲೆ ಬಂದಾಗ, ಅದಕ್ಕೆ ಆಸ್ಪತ್ರೆಯಲ್ಲಿ ಮದ್ದಿಲ್ಲವೆಂದು ನಂಬಿದ ಸೈನಬ ತಮ್ಮನ ಮಗಳಿಗೆ ಒಂಬತ್ತು ದಿನ ಬೇರು ಅರೆದು ಕುಡಿಸಿ, ಉಪ್ಪಿಲ್ಲದ ಗಂಜಿ ಉಣ್ಣಿಸಿದ್ದಳು. ಹತ್ತನೆಯ ದಿನ ಹುಡುಗಿಗೆ ಹೆತ್ತ ಉಮ್ಮನ ಗುರುತೂ ಸಿಗಲಿಲ್ಲ. ಮಂಗಳೂರಿನ ಡಾಕ್ಟರ್ ದೇವಿಪ್ರಸಾದ್ ಲಿವರು ನಿಂತೇಹೋಗಿದೆ ಎಂದಾಗ, "ನಂದು ತೆಗೀರಿ" ಎಂದು ಮೊದಲು ಮುಂದೆ ಬಂದವಳೂ ಸೈನಬಳೇ.

ಒಂದೂವರೆ ವರ್ಷ ಕಳೆಯಿತು. ಮಗುವಿನ ಸ್ವಂತ ಲಿವರು ಚೇತರಿಸಿಕೊಂಡಿತು. ಬೇರೆಯವರ ತುಂಡನ್ನು ಮೈ ದೂಡದಂತೆ ತಡೆಯುವ ಮಾತ್ರೆಯನ್ನು ಇಳಿಸುತ್ತಾ ಬಂದರೆ ಮಾಮಿಯ ತುಂಡು ಮೆಲ್ಲಗೆ ಒಣಗುತ್ತದೆ, ಆಮೇಲೆ ಜೀವಮಾನವಿಡೀ ಮಾತ್ರೆಯ ಹಂಗಿಲ್ಲ ಎಂದಿದ್ದರು ಡಾಕ್ಟರು. ಮಾತ್ರೆಯ ಡಬ್ಬಿ ಇದ್ದದ್ದು ಸೈನಬಳ ಕೈಯಲ್ಲಿ.

"ಇದೆಂಥ ಮಾರಾಯ್ರೇ?" ಡಾಕ್ಟರು ರಿಪೋರ್ಟ್ ಹಿಡಿದು ಕೇಳಿದರು. "ಮಾತ್ರೆ ಅರ್ಧ ಮಾಡಿ ತಿಂಗಳಾಯ್ತು. ರಕ್ತದಲ್ಲಿ ಮದ್ದು ಮೊದಲಿನಷ್ಟೇ ಉಂಟಲ್ಲ!"

"ಮಾಮಿ ಈಗಲೂ ಎರಡೆರಡು ಕೊಡ್ತಾರೆ," ಎಂದಳು ಹಸ್ನಾ, ಕಾಲಾಡಿಸುತ್ತಾ.

ಸೈನಬ ತಲೆಯ ಶಾಲು ಸರಿಪಡಿಸಿಕೊಂಡಳು. "ಅವಳದ್ದು ಒಮ್ಮೆ ಕೈಕೊಟ್ಟದ್ದಲ್ವಾ ಡಾಕ್ಟ್ರೇ? ಪುನಃ ನಂಬುದು ಹೇಗೆ? ನಂದಾದರೆ ಗಟ್ಟಿ ಉಂಟು."

"ಬನ್ನಿ, ಎರಡಕ್ಕೂ ಪರೀಕ್ಷೆ ಇಟ್ಟಿದ್ದೇವೆ. ಮಾರ್ಕು ನೀವೇ ನೋಡಿ."

ಸ್ಕ್ಯಾನಿನ ಕಪ್ಪು ಪರದೆಯಲ್ಲಿ ಎರಡು ಬೆಳಕಿನ ಮಚ್ಚೆಗಳಿದ್ದವು. ಸೈನಬ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಹೊಳೆಯುವ ದೊಡ್ಡದು ಅವಳದು. ನೂರರಲ್ಲಿ ಎಂಬತ್ತು ಪಾಲು ಕೆಲಸ ಅದರದ್ದೇ. ಈ ಮಂಕಾದದ್ದು ನಿಮ್ಮದು."

"ಅಯ್ಯೋ, ನಂದು ಮೈಗಳ್ಳನಾ?"

"ಮೈಗಳ್ಳ ಅಲ್ಲ. ಕೆಲಸ ಮುಗಿಸಿ ಕೂತದ್ದು."

"ಒಣಗುವಾಗ ಮಗುವಿಗೆ ನೋಯ್ತದಾ?"

"ಇಲ್ಲ."

"ಒಣಗಿದ್ದು ಎಲ್ಲಿ ಹೋಗ್ತದೆ?"

"ಅಲ್ಲೇ, ನಾರಿನ ಹಾಗೆ ಸಣ್ಣಗೆ ಉಳಿತದೆ."

"ಅವಳದ್ದು ಮತ್ತೆ ಮಲಗಿದರೆ?"

"ಅದಕ್ಕೇ ರಕ್ತ ನೋಡ್ತಾ ಇರುದು. ನೀವು ಕದ್ದು ಕೊಟ್ಟರೆ ನಮಗೆ ಗೊತ್ತಾಗುದು ಹೇಗೆ? ಆ ಮಾತ್ರೆ ಹೆಚ್ಚಾದರೆ ಕಿಡ್ನಿಗೂ ಪೆಟ್ಟು."

ಸೈನಬ ಹೊಳೆಯುವ ಮಚ್ಚೆಯನ್ನೇ ನೋಡುತ್ತಾ ನಿಂತಳು.

ಮರುದಿನ ಬೆಳಿಗ್ಗೆ ಒಂದೇ ಮಾತ್ರೆ ಕೊಟ್ಟಳು. ಆಮೇಲೆ ಬಟ್ಟೆ ಒಗೆಯುವಾಗ, ಮೀನು ಕೊಯ್ಯುವಾಗ, ಸುಮ್ಮನೆ ಕೂತಾಗಲೂ ಹುಡುಗಿಯನ್ನು ಕರೆದು ಕಣ್ಣರೆಪ್ಪೆ ಬಿಡಿಸಿ ನೋಡಿದಳು. ಹಳದಿಯಿಲ್ಲ, ಬೆಳ್ಳಗೇ ಇತ್ತು. ಹನ್ನೊಂದನೆಯ ಸಲ ಕರೆದಾಗ ಹಸ್ನಾ ಅಂಗಳಕ್ಕೆ ಓಡಿದಳು.

"ಇನ್ನು ನಾಳೆ ನೋಡಿ ಮಾಮಿ!"