ಬೆಂಕಿ ಉಗುಳುವ ಕಾರಿನಲ್ಲಿ ಅಜ್ಜ

ಗ್ರಂಥಾಲಯದ ಮೇಜಿನ ಹಿಂದೆ ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡೇ ಜೀವಮಾನ ಕಳೆದ ಅಜ್ಜ ಸಾಯುವ ಮುಂಚೆ ಕೇಳಿದ್ದು ಒಂದೇ ಒಂದು.

"ನನ್ನನ್ನ ಕಳಿಸಿಕೊಡೋವಾಗ ಯಾರೂ ಭಾಷಣ ಬಿಗೀಬಾರದು. ಒಂದು ಗಳಿಗೆ ಎಲ್ಲರೂ ಸುಮ್ಮನಿದ್ರೆ ಸಾಕು. ನೀನು ನೋಡ್ಕೋ, ಪುಟ್ಟಿ."

ನೋಡಿಕೊಳ್ಳಲು ಅಜ್ಜ ಆರಿಸಿಕೊಂಡದ್ದು ಇಡೀ ಮನೆಯಲ್ಲಿ ಬಾಯಿಯೇ ಇಲ್ಲದ ಮೊಮ್ಮಗಳನ್ನು. ಪದವಿ ಮುಗಿಸಿದ್ದರೂ ಪುಟ್ಟಿ ಬಸ್ಸಿನಲ್ಲಿ "ಇಳೀಬೇಕು" ಎನ್ನಲು ನಾಚಿ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು. ಅಜ್ಜನ ಮಾತನ್ನು ಮನೆಯವರಿಗೆ ಹೇಳಬೇಕೆಂದು ದಿನವೂ ಹೊರಡುವಳು. ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ನೀರು ಕುಡಿಯಲು ಬಂದವಳಾಗಿಬಿಡುವಳು. ಒಳಗೆ ದೊಡ್ಡಮ್ಮ ಒಂದು ಕಟ್ಟು ಹಾಳೆ ಹಿಡಿದು ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಅಕ್ಕನಿಗೆ ತಾನೇನು ಕಮ್ಮಿ ಎಂದು ಮಾವ ಕವನ ಬರೆದಿದ್ದ. ಉಳಿದ ನೆಂಟರೂ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು.

ಅಜ್ಜನ ಬೂದಿಯ ಭರಣಿಯನ್ನು ಸ್ಮಶಾನದ ಗೋಡೆಯ ಗೂಡಿನಲ್ಲಿಡುವ ದಿನ, ಬಾಡಿಗೆ ವ್ಯಾನು ಬೆಳಗ್ಗೆಯೇ ಕೈಕೊಟ್ಟಿತು.

"ಸ್ಮಶಾನ ಇಲ್ಲೇ ಇಳಿಜಾರಿನ ಕೆಳಗಲ್ವಾ? ಭರಣಿ ಕೈಯಲ್ಲಿ ಹಿಡ್ಕೊಂಡು ನಡ್ಕೊಂಡೇ ಹೋಗೋಣ," ಎಂದ ಮಾವ.

"ಅಪ್ಪನನ್ನ ಹಾಲಿನ ಕ್ಯಾನ್ ಥರ ನೇತಾಡಿಸ್ಕೊಂಡಾ?" ಎಂದಳು ದೊಡ್ಡಮ್ಮ. "ನನ್ನ ಮಗನ ಕಾರಿಲ್ವಾ? ಅಪ್ಪ ಕಾರಲ್ಲಿ ಹೋಗ್ತಾರೆ, ನಾವು ಹಿಂದೆ ಗಂಭೀರವಾಗಿ ನಡೀತೀವಿ."

ಆ ಮಗನನ್ನು ಬಂಧುಬಳಗವೆಲ್ಲ ಪಟಾಕಿ ಎಂದೇ ಕರೆಯುತ್ತಿತ್ತು. ಎಂಜಿನ್ ಟ್ಯೂನ್ ಮಾಡುವುದು ಅವನ ಕಸುಬು. ಅವನ ಹಳದಿ ಟರ್ಬೊ ಕಾರಿಗೆ ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು. ಬೂದಿ ತುಂಬಿದ ಪಿಂಗಾಣಿ ಭರಣಿಯನ್ನು ಅಪ್ಪಿಕೊಂಡು ಪುಟ್ಟಿ ಅದರೊಳಗೆ ಇಳಿದಳು. ಅದನ್ನು ಹತ್ತುವುದು ಎನ್ನಲಾಗದು. ಹಿಂದುಗಡೆ ದೊಡ್ಡಮ್ಮ ಒಂದು ದೊಡ್ಡ ಹೂಚಕ್ರ ಕಟ್ಟಿದಳು.

"ಅಣ್ಣ, ಇವತ್ತೊಂದು ದಿನ ಸದ್ದು ಬರದ ಹಾಗೆ ಮಾಡಕ್ಕಾಗಲ್ವಾ?" ಎಂದು ಪುಟ್ಟಿ ಮೆಲ್ಲಗೆ ಕೇಳಿದಳು.

"ಅದನ್ನ ಬದಲಾಯಿಸೋ ಲ್ಯಾಪ್‌ಟಾಪ್ ಗ್ಯಾರೇಜಲ್ಲಿದೆ, ಗ್ಯಾರೇಜಿಗೆ ಬೀಗ. ಏನಪ್ಪಾ ಅಂದ್ರೆ, ಆಕ್ಸಿಲರೇಟರಿಂದ ಕಾಲು ತೆಗೆದ ಮೇಲೂ ಒಂದಿಷ್ಟು ಪೆಟ್ರೋಲು ಸುರಿಯೋ ಹಾಗೆ ಇಟ್ಟಿದೀನಿ. ಅದು ಎಂಜಿನ್ನಲ್ಲಿ ಉರಿಯಲ್ಲ, ಕಾದ ಸೈಲೆನ್ಸರ್ ಒಳಗೆ ಹೋಗಿ ಉರಿಯುತ್ತೆ. ಢಂ ಅನ್ನುತ್ತೆ, ಬೆಂಕಿ ಬರುತ್ತೆ."

"ಯಾಕೆ ಹಾಗಿಟ್ಟೆ?"

ಪಟಾಕಿ ಯೋಚಿಸಿದ. ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. "ಚೆನ್ನಾಗಿರುತ್ತೆ ಅಂತ," ಎಂದ.

ಮನೆಯ ಗೇಟು ದಾಟಿ, ಎಲ್ಲರೂ ಸಾಲು ಕಟ್ಟಲೆಂದು ಅವನು ಕಾಲು ಸಡಿಲಿಸಿದ್ದೇ ತಡ, ಢಂ. ಹೊರಚಾಚಿದ ಜ್ವಾಲೆ ಹೂಚಕ್ರಕ್ಕೆ ಹತ್ತಿಕೊಂಡಿತು. ಮಾವ ತನ್ನ ಕವನದ ಕಾಗದದಿಂದಲೇ ಅದನ್ನು ಬಡಿಬಡಿದು ಆರಿಸಿದ. ಕೊನೆಗೆ ಹೂಚಕ್ರದಲ್ಲಿ ಉಳಿದದ್ದು ತಂತಿ, ಕವನದಲ್ಲಿ ಉಳಿದದ್ದು ಶೀರ್ಷಿಕೆ.

ದೊಡ್ಡಮ್ಮ ಕಿಟಕಿಗೆ ಬಾಗಿದಳು. "ಪುಸ್ತಕದ ಹಾಳೆ ಜೋರಾಗಿ ತಿರುಗಿಸಿದ್ರೂ ಕಣ್ಣು ಕೆಂಪು ಮಾಡ್ತಿದ್ದ ಮನುಷ್ಯ ಕಣೋ ಅದು. ಇನ್ನೊಂದ್ಸಲ ಢಂ ಅಂದ್ರೆ ನಾನು ನಿನ್ನಮ್ಮ ಅಲ್ಲ."

"ಆಯ್ತಮ್ಮ. ಹಾಗಾದ್ರೆ ಕಾಲೇ ಎತ್ತಲ್ಲ," ಎಂದ ಪಟಾಕಿ. ಅಮ್ಮನ ಮಾತು ಮೀರುವ ಮಗನಲ್ಲ ಅವನು.

ಒತ್ತಿದ ಕಾಲು ಒತ್ತಿದಂತೆಯೇ ಇರಿಸಿ ಅವನು ಹೊರಟ. ದಾರಿ ಇಳಿಜಾರು. ಮೊದಮೊದಲು ಮೆರವಣಿಗೆ ಗಂಭೀರವಾಗಿಯೇ ಇತ್ತು. ಬೇಕರಿ ದಾಟುವಷ್ಟರಲ್ಲಿ ಹೆಜ್ಜೆಗಳು ಚುರುಕಾದವು. ಔಷಧಿ ಅಂಗಡಿಯ ಬಳಿ ಎಲ್ಲರೂ ಕುಕ್ಕುಲೋಟದಲ್ಲಿದ್ದರು. ದೊಡ್ಡಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿರುವುದು ಪುಟ್ಟಿಗೆ ಕನ್ನಡಿಯಲ್ಲಿ ಕಂಡಿತು. ಪಕ್ಕದಲ್ಲಿ ಮಾವ. ಅಪ್ಪನಿಗೆ ಹತ್ತಿರದವರು ಯಾರು ಎಂಬ ಹಳೆಯ ಜಗಳ ಈಗ ಕಾಲಿಗೆ ಇಳಿದಿತ್ತು; ಅವನು ಒಂದು ಮಾರು ಮುಂದಾದರೆ ಅವಳು ಮೊಣಕೈ ಹಾಕುವಳು. ಪೋಸ್ಟ್‌ಮನ್ ಒಬ್ಬ ಸೈಕಲ್ ನಿಲ್ಲಿಸಿ ಟೋಪಿ ತೆಗೆದ. ಹಾಕಿಕೊಳ್ಳುವಷ್ಟರಲ್ಲಿ ಮೆರವಣಿಗೆ ಮುಗಿದಿತ್ತು.

"ಪಾಪ, ನಿಲ್ಲಿಸಲಾ?" ಎಂದ ಪಟಾಕಿ, ಸ್ಮಶಾನದ ಗೇಟು ಹೊಗುತ್ತ.

ಪುಟ್ಟಿ ಮತ್ತೆ ಕನ್ನಡಿ ನೋಡಿದಳು. ದೊಡ್ಡಮ್ಮ ಏದುಸಿರು ಬಿಡುತ್ತಲೇ ಚೀಲದಿಂದ ಹಾಳೆಗಳ ಕಟ್ಟು ಹೊರಗೆಳೆಯುತ್ತಿದ್ದಳು. ಬಾಯಿ ಆಗಲೇ "ನಮ್ಮ ತೀರ್ಥರೂಪರು" ಎಂದು ಶುರುಮಾಡಿತ್ತು. ಆದರೆ "ನಮ್ಮ" ಆದ ಮೇಲೆ ಒಂದು ಉಸಿರು, "ತೀರ್ಥ" ಆದ ಮೇಲೆ ಇನ್ನೊಂದು. ಪುಟ್ಟಿ ಭರಣಿಯನ್ನೊಮ್ಮೆ ನೋಡಿದಳು.

"ಕಾಲೆತ್ತಬೇಡ, ಅಣ್ಣ."

"ಏನು?"

"ಗೋರಿಗಳ ಸುತ್ತ ದಾರಿ ಇದೆಯಲ್ಲ, ಒಂದು ಸುತ್ತು ಹೊಡಿ."

ಅವಳು ಯಾರಿಗಾದರೂ ಹೀಗೆ ಮಾಡು ಎಂದದ್ದೇ ಅದು ಮೊದಲು. ಪಟಾಕಿ ಬೆರಗಾಗಿ ಸ್ಟೇರಿಂಗ್ ತಿರುಗಿಸಿದ. ಸುತ್ತು ಮುಗಿಯಿತು. ದೊಡ್ಡಮ್ಮನ ತುಟಿ ಇನ್ನೂ ಆಡುತ್ತಿತ್ತು.

"ಇನ್ನೊಂದು," ಎಂದಳು ಪುಟ್ಟಿ. ಆಮೇಲೆ, "ಇನ್ನೂ ಒಂದು." ಬಸ್ಸಿನಲ್ಲಿ ಬಾರದ ದನಿ ಇಲ್ಲಿ ಸಲೀಸಾಗಿ ಬರುತ್ತಿತ್ತು.

ಕೊನೆಗೆ ಕನ್ನಡಿಯಲ್ಲಿ ಯಾರ ಬಾಯೂ ಮಾತಿಗಾಗಿ ತೆರೆದಿರಲಿಲ್ಲ, ಗಾಳಿಗಾಗಿ ಮಾತ್ರ ತೆರೆದಿತ್ತು. "ಈಗ ಎತ್ತು."

ಢಂ. ನೀಲಿ ಜ್ವಾಲೆಯೊಂದು ಹಿಂದಕ್ಕೆ ಚಿಮ್ಮಿ, ಹಕ್ಕಿಗಳೆಲ್ಲ ಮರ ಬಿಟ್ಟು ಹಾರಿ, ಅಲ್ಲಿಗೆ ಎಲ್ಲ ನಿಂತಿತು.

ದೊಡ್ಡಮ್ಮ ಯಾರದೋ ಗೋರಿಯ ಮೇಲೆ ಕುಸಿದಳು. ಮಾವ ಮಂಡಿಯ ಮೇಲೆ ಕೈಯೂರಿ ನೆಲ ನೋಡುತ್ತಿದ್ದ. ಗೋಡೆಯ ಗೂಡನ್ನು ತೆರೆದಿಟ್ಟುಕೊಂಡು ನಿಂತಿದ್ದ ಕಾವಲುಗಾರ ಪದ್ಧತಿಯಂತೆ ಕೇಳಿದ: "ಯಾರಾದ್ರೂ ಎರಡು ಮಾತು ಆಡೋರಿದಾರಾ?"

ಮಾವ ಬೇಡವೆಂದು ಕೈಯಾಡಿಸಿದ. ದೊಡ್ಡಮ್ಮ ಭಾಷಣದ ಹಾಳೆಗಳಿಂದ ಮುಖಕ್ಕೆ ಗಾಳಿ ಹಾಕಿಕೊಂಡಳು, ನಿಧಾನವಾಗಿ, ಸದ್ದಾಗದಂತೆ.

ಪುಟ್ಟಿ ಭರಣಿಯನ್ನು ಗೂಡಿನೊಳಗೆ ಇಟ್ಟಳು. ಹಾರಿದ ಹಕ್ಕಿಗಳು ಒಂದೊಂದಾಗಿ ಮರಳಿ ಕೂತವು. ಅಜ್ಜ ಕೇಳಿದ್ದ ಗಳಿಗೆ ಇಷ್ಟೇ ಇತ್ತೇನೋ. ಅವಳಿಗೆ ಅದು ಗ್ರಂಥಾಲಯದ ಒಂದು ಪೂರ್ತಿ ಮಧ್ಯಾಹ್ನದಷ್ಟು ಉದ್ದವೆನಿಸಿತು.

ಹಿಂದೆ ಕಾರು ಆರುತ್ತ ಆರುತ್ತ, ಎಲ್ಲೋ ಉಳಿದಿದ್ದ ಹನಿ ಪೆಟ್ರೋಲಿಗೆ, ಟಪ್ ಎಂದಿತು.

ಪುಟ್ಟಿ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಕಾರನ್ನೇ ಕಣ್ಣಿಟ್ಟು ನೋಡಿ "ಶ್ಶ್" ಎಂದಳು.

ಪಟಾಕಿಯೂ ಉಸಿರು ಬಿಗಿಹಿಡಿದ.