ಅಡುಗೆಮನೆಗೆ ಕೇಳಿಸುತ್ತಿದ್ದ ಪಿಸ್ತೂಲು

"ಇದೇನು ಪಿಸ್ತೂಲಾ, ಇಲ್ಲಾ ಸಾಂಬಾರ್ ಪುಡಿ ಡಬ್ಬಿನಾ, ಅಮ್ಮಾವ್ರೇ?" ಅಂದರು ಜವರಯ್ಯ.

ಮೇಜಿನ ಮೇಲೆ ಹಾಸಿದ್ದ ಹಳೇ ಪಂಚೆಯ ತುಂಡಿನ ಮೇಲೆ ಹತ್ತು ಹನ್ನೆರಡು ಉಕ್ಕಿನ ಚೂರುಗಳಿದ್ದವು. ಒಂದೊಂದರ ಸಂದಿಯಲ್ಲೂ ಅರಿಶಿನ, ಕುಂಕುಮ, ಒಣಗಿದ ಗಂಧ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಕಮಲಮ್ಮನವರು ಮಡಿಲಲ್ಲಿದ್ದ ಖಾಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆಯುತ್ತಿದ್ದರು, ಮುಚ್ಚುತ್ತಿದ್ದರು.

"ಎಪ್ಪತ್ತು ವರ್ಷದ ಆಯುಧಪೂಜೆ ಅಲ್ವೇ, ಇರತ್ತೆ," ಅಂದರು.

"ಇರ್ಲಿ ಬುಡಿ. ನಮ್ಮೂರಲ್ಲಿ ಪಂಪ್‌ಸೆಟ್ಟಿಗೂ ಅಂಗೇ ಬಳೀತಾರೆ. ಆಮೇಲೆ ಅದು ಕೆಟ್ಟೋದ್ರೆ ದೇವ್ರಿಗೆ ಸಿಟ್ಟು ಬಂತು ಅಂತಾರೆ." ಜವರಯ್ಯ ಗೋಡೆಯ ಕಿಂಡಿಗೆ ಬಾಯಿ ಕೊಟ್ಟರು. "ಲೋ ಚಂದ್ರು! ನಿನ್ ಗಾಜು ತಕ್ಕೊಂಡ್ ಬಾರೋ!"

ಚಂದ್ರು ಅಂದರೆ ನಾನು. ಪಕ್ಕದ್ದು ನನ್ನ ಗಡಿಯಾರ ರಿಪೇರಿ ಅಂಗಡಿ. ಲಷ್ಕರ್ ಮೊಹಲ್ಲಾದ ಈ ಓಣಿಯಲ್ಲಿ ನಮ್ಮಿಬ್ಬರ ನಡುವೆ ಇರುವುದು ಒಂದು ಗೋಡೆ, ಅದರಲ್ಲೂ ಒಂದು ಕಿಂಡಿ. ಹೀಗಾಗಿ ಆಗಿದ್ದ ಮಾತನ್ನೆಲ್ಲ ನಾನಾಗಲೇ ಕೇಳಿಸಿಕೊಂಡಿದ್ದೆ. ಜವರಯ್ಯ ಲೈಸೆನ್ಸು ಪಡೆದ ಬಂದೂಕು ರಿಪೇರಿಯವರು. ಕಾಡಂಚಿನ ರೈತರು ಬೆಳೆ ಕಾಯಲು ಇಟ್ಟುಕೊಂಡಿರುವ ತೋಟಾಕೋವಿಗಳೆಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಅವರ ಕೈ ಇನ್ನೂ ಗಟ್ಟಿಯಾಗಿದೆ, ಕಣ್ಣು ಮಾತ್ರ ಮುಷ್ಕರ ಹೂಡಿದೆ. ಸಣ್ಣ ಸಾಮಾನು ಬಂದಾಗಲೆಲ್ಲ ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೋಗಿ ಅವರ ಪಕ್ಕ ನಿಲ್ಲುವುದು ವಾಡಿಕೆ.

ಅವತ್ತಿನದು ಬಹಳ ಸಣ್ಣ ಸಾಮಾನು. ನೂರು ವರ್ಷದ ಆಸುಪಾಸಿನ ಬೆಲ್ಜಿಯಂ ಪಿಸ್ತೂಲು, ಕೋಟಿನ ಜೇಬಿಗೆಂದೇ ಮಾಡಿದ್ದು. ಜೋಡಿಸಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಕಮಲಮ್ಮನವರ ಯಜಮಾನರು ಸುಂದರೇಶ ಅಂತ, ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ಅವರ ತಾತ ಅರಮನೆಯಲ್ಲಿ ಗುಮಾಸ್ತರಾಗಿದ್ದಾಗ ಇದು ಇನಾಮಾಗಿ ಬಂದಿತ್ತಂತೆ. ಗುಂಡುಗಳನ್ನು ಯಾವ ಕಾಲದಲ್ಲೋ ಠಾಣೆಗೆ ಒಪ್ಪಿಸಿದ್ದರು. ಸುಂದರೇಶರು ವರ್ಷಕ್ಕೊಂದು ಸಲ, ದಸರಾಕ್ಕೆ ಮುಂಚೆ, ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಕಾಣಿಸಿ, ಮತ್ತೆ ಜೋಡಿಸುತ್ತಿದ್ದರು. ಹೋದ ವರ್ಷವೂ ಬಿಚ್ಚಿ ಹರಡಿದ್ದರು. ಮಧ್ಯಾಹ್ನ ಊಟಕ್ಕೆಂದು ಎದ್ದವರು ಮತ್ತೆ ಬಂದು ಕೂರಲಿಲ್ಲ.

ಅವರು ಹೋದ ಮೇಲೆ ಲೈಸೆನ್ಸೂ ಹೋಯಿತು. ಕಮಲಮ್ಮ ಠಾಣೆಗೆ ಕಾಗದ ಕೊಟ್ಟು, ಚೂರುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದು ಜವರಯ್ಯನ ಅಂಗಡಿಯಲ್ಲಿ ಠೇವಣಿ ಇಟ್ಟಿದ್ದರು. ಮಾರನೇ ದಿನ ಹನ್ನೊಂದು ಗಂಟೆಗೆ ಪೊಲೀಸರ ಪರಿಶೀಲನೆ. ಪಿಸ್ತೂಲು ಇಡಿಯಾಗಿದ್ದು ನಂಬರು ತಾಳೆಯಾದರೆ, ಇನ್ನೆಂದೂ ಗುಂಡು ಹಾರದ ಹಾಗೆ ಒಳಗೆ ಬೆಸುಗೆ ಹಾಕಿ, ನೆನಪಿನ ವಸ್ತು ಅಂತ ಮನೆಗೆ ಕೊಡುತ್ತಾರೆ. ಚೂರುಚೂರಾಗಿದ್ದರೆ ಬಿಡಿಭಾಗ ಅಂತ ಬರೆದುಕೊಂಡು ಕುಲುಮೆಗೆ ಕಳಿಸುತ್ತಾರೆ. ಠಾಣೆಯಿಂದ ಬಂದ ಪತ್ರದಲ್ಲಿ ಹಾಗೇ ಇತ್ತು.

"ಬೆಸುಗೆ ಬಿದ್ಮೇಲೆ ಇದನ್ನ ಯಾರೂ ಬಿಚ್ಚಂಗಿಲ್ಲ ಅಮ್ಮಾವ್ರೇ. ಇದೇ ಕೊನೆ ಸಲ," ಅಂದರು ಜವರಯ್ಯ, ಒಂದೊಂದೇ ಚೂರನ್ನು ಒರೆಸುತ್ತ.

"ಇದೇ ಕೊನೇ ಸಲ ಅಂತ ಗೊತ್ತಿದ್ದೇ ಶ್ರೀರಾಂಪುರದಿಂದ ಬಂದು ಕೂತಿದೀನಿ. ಸರಿಯಾಗಿ ಜೋಡಿಸಿ."

ಮೂರು ಸಲ ಜೋಡಿಸಿದರು. ಮೂರು ಸಲವೂ ಪಿಸ್ತೂಲಿನ ಮೇಲಿನ ಜಾರುವ ಮುಚ್ಚಳ ಕೂದಲೆಳೆಯಷ್ಟು ಹಿಂದೆಯೇ ನಿಂತಿತು. ಜವರಯ್ಯ ಬೆವರು ಒರೆಸಿಕೊಂಡರು.

"ಸ್ಪ್ರಿಂಗು ಸತ್ತೋಗದೆ. ಹೊಸದು ಬೇಕಂದ್ರೆ ಬೆಲ್ಜಿಯಂಗೇ ಓಗ್ಬೇಕು."

"ನಂಜನಗೂಡು ಬಸ್ಸು ಅಲ್ಲಿಗೆ ಹೋಗಲ್ಲ, ಅಣ್ಣ," ಅಂದೆ.

"ನೀ ಸುಮ್ಕಿರೋ. ಇಲ್ಲೊಂದು ಚೂರು ಅರ ಆಕಿ ತಿಕ್ಬುಟ್ರೆ ಕೂತ್ಕತದೆ."

ಅರ ಕೈಗೆ ತೆಗೆದುಕೊಂಡೂ ಆಯಿತು. ನಾನು ಗಾಜಿನಲ್ಲಿ ನೋಡಿದೆ: ಅವರು ತಿಕ್ಕಬೇಕೆಂದಿದ್ದ ಜಾಗದ ಪಕ್ಕದಲ್ಲೇ ನಂಬರು ಕೊರೆದಿತ್ತು. ಬಾಯಿ ಬಿಡುವಷ್ಟರಲ್ಲಿ ಕಮಲಮ್ಮನೇ ಅಂದರು.

"ತಡೀರಿ. ಅರ ಕೆಳಗಿಡಿ. ಅಲ್ಲಿ ಟಿಕ್ ಅನ್ನಬೇಕಿತ್ತು, ಅನ್ನಲಿಲ್ಲ."

ಜವರಯ್ಯ ಕನ್ನಡಕದ ಮೇಲಿಂದ ನೋಡಿದರು. "ನೀವು ಪಿಸ್ತೂಲ್ ಬಿಚ್ಚಿದ್ರಾ ಯಾವತ್ತಾದ್ರೂ?"

"ಮುಟ್ಟಿಲ್ಲ. ಕೇಳಿದೀನಿ, ನಲವತ್ತೊಂದು ವರ್ಷ. ಇವರು ನಡುಮನೇಲಿ ಕೂತು ಜೋಡಿಸೋರು, ನಾನು ಅಡುಗೆಮನೇಲಿ. ಮಧ್ಯೆ ಗೋಡೆ. ಮೊದಲು ಕಿರ್ರ್ ಅನ್ನತ್ತೆ. ಆಮೇಲೆ ಒಂದು ಟಿಕ್. ಆಮೇಲೆ ಏನೋ ಹಾರಿ ನೆಲಕ್ಕೆ ಬೀಳತ್ತೆ, 'ಥೂ ನಿನ್ನ ಮನೆ ಹಾಳಾಗ' ಅಂತಾರೆ ಇವರು. ಇನ್ನೊಂದು ಟಿಕ್. ಕೊನೇಲಿ ಜೋರಾಗಿ ಒಂದು ಟಕ್. ಅದಾದ ತಕ್ಷಣ ನಾನು ಹಾಲು ಒಲೆ ಮೇಲಿಡಬೇಕು. ಇವರು ಕೈ ತೊಳೆದು ಬರೋದಕ್ಕೂ ಕಾಫಿಗೂ ಸರಿಹೋಗ್ತಿತ್ತು."

"ಆ ಬೈಗುಳನೂ ಪಿಸ್ತೂಲಿನ ಪಾರ್ಟೇ ಅನ್ನಿ," ಅಂದೆ.

"ಅದಿಲ್ಲದೆ ಒಂದು ವರ್ಷವೂ ಜೋಡಣೆ ಆದದ್ದಿಲ್ಲ ಕಣ್ರೀ."

ಜವರಯ್ಯ ನಗಲಿಲ್ಲ. ಕುಶಲಕರ್ಮಿಗೆ ಇನ್ನೊಬ್ಬ ಕುಶಲಕರ್ಮಿಯ ಮೇಲೆ ಬರುವ ಗೌರವ ಅವರ ಮುಖಕ್ಕೆ ಬಂತು. ಅರವನ್ನು ಡ್ರಾಯರಿಗೆ ಹಾಕಿದರು. "ಸರಿ. ಮೊದ್ಲಿಂದ ಮಾಡ್ತೀನಿ. ತೆಪ್ಪಾದ ಕಡೆ ನಿಲ್ಸಿ."

ಕಮಲಮ್ಮ ಕಣ್ಣು ಮುಚ್ಚಿದರು. ಹೊರಗೆ ತರಕಾರಿ ಗಾಡಿಯವನು ಟೊಮೇಟೊ ಕೂಗುತ್ತಿದ್ದ. ನಾನು ಬಾಗಿಲು ಮುಂದೆ ಮಾಡಿದೆ.

ಕಿರ್ರ್ ಅಂತು. ಅವರು ತಲೆಯಾಡಿಸಿದರು. ಟಿಕ್ ಅಂತು. ಮತ್ತೆ ತಲೆಯಾಡಿಸಿದರು. ಆಮೇಲೆ ಜವರಯ್ಯ ನಳಿಕೆಯ ಕೆಳಗಿನ ಕೊಳವೆಯೊಳಕ್ಕೆ ಸ್ಪ್ರಿಂಗು ತಳ್ಳಿದರು.

"ಇಲ್ಲೇ!" ಕಮಲಮ್ಮ ಕಣ್ಣು ಬಿಟ್ಟರು. "ದುಪ್ ಅಂತು. ಉಕ್ಕಿಗೆ ಉಕ್ಕು ತಾಗಿದ ಸದ್ದಲ್ಲ ಅದು, ಮೆತ್ತಗಿದೆ."

ನಾನು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಹಳೇ ಎಣ್ಣೆಯ ಕಪ್ಪು ಬಿಟ್ಟು ಇನ್ನೇನೂ ಕಾಣಲಿಲ್ಲ. ಹಾಗೆಂದೆ. ಕಮಲಮ್ಮ ಡಬ್ಬಿಯ ಮುಚ್ಚಳವನ್ನು ಒಮ್ಮೆ ಗಟ್ಟಿಯಾಗಿ ಮುಚ್ಚಿದರು.

"ಚಂದ್ರು, ಅಲ್ಲಿ ಒಂದು ಅಕ್ಕಿಕಾಳು ಇರಬಹುದಾ, ನೋಡಿ."

"ಅಕ್ಕಿಕಾಳಾ?" ನಾವಿಬ್ಬರೂ ಒಟ್ಟಿಗೇ ಕೇಳಿದೆವು.

"ಇವರು ಹೋಗಿ ಹದಿನಾರು ದಿನಕ್ಕೆ ಆಯುಧಪೂಜೆ ಬಂತು. ವರ್ಷಾಬ್ದಿಕ ಆಗೋ ತನಕ ಮನೇಲಿ ಹಬ್ಬ ಮಾಡೋ ಹಾಗಿಲ್ಲ. ನಾದಿನಿ ಬಂದು ದೇವರಮನೆ ಬಾಗಿಲು ಹಾಕಿಟ್ಟಿದ್ದಳು. ಓಣೀಲೆಲ್ಲ ಕುಂಬಳಕಾಯಿ ಒಡೀತಿದ್ರು, ಸ್ಕೂಟರಿಗೆಲ್ಲ ಹಾರ. ಇವರ ಚೂರುಗಳು ಮಾತ್ರ ಮೇಜಿನ ಮೇಲೆ ಹಾಗೇ, ಬರೀ ಮೈಯಲ್ಲಿ ಬಿದ್ದಿದ್ವು. ನೋಡಕ್ಕಾಗಲಿಲ್ಲ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಅವಳು ಸ್ನಾನಕ್ಕೆ ಹೋದಾಗ ನಾನೇ ಒಂದೊಂದಕ್ಕೂ ಕುಂಕುಮ ಇಟ್ಟೆ. ತುಪ್ಪ ಹಾಕಿ ಅಕ್ಷತೆ ಕಲಸಿ ಹಾಕಿದೆ. ಒರೆಸೋದಕ್ಕೆ ಬರಲ್ಲ ನನಗೆ, ಹಾಗೇ ಡಬ್ಬಿಗೆ ತುಂಬಿದೆ. ಎಪ್ಪತ್ತು ವರ್ಷದ್ದು ಅಂದೆನಲ್ಲ, ಸುಳ್ಳು ಜವರಯ್ಯನವರೇ. ಇವರು ಒಂದು ಚುಕ್ಕಿ ಕುಂಕುಮವನ್ನೂ ಉಳಿಸ್ತಿರಲಿಲ್ಲ. ಅಷ್ಟೂ ನನ್ನದೇ."

ನಾನು ಅಂಗಡಿಗೆ ಹೋಗಿ ಅತಿ ಸಣ್ಣ ಚಿಮಟ ತಂದೆ. ಒಂದು ಹನಿ ಸೀಮೆಎಣ್ಣೆ ಬಿಟ್ಟು, ಕಾದು, ಒಳಗೆ ಇಳಿಸಿದೆ. ಮೊದಲ ಸಲ ಜಾರಿತು. ಎರಡನೇ ಸಲ ಹಿಡಿತಕ್ಕೆ ಸಿಕ್ಕಿತು. ಅಂಚು ಕಪ್ಪಾದ, ನಡು ಇನ್ನೂ ಹಳದಿಯಿದ್ದ ಒಂದು ಅಕ್ಕಿಕಾಳು ಪಂಚೆಯ ತುಂಡಿನ ಮೇಲೆ ಬಿತ್ತು.

ಜವರಯ್ಯ ಅದನ್ನು ಬಗ್ಗಿ ನೋಡಿದರು. "ಮೂವತ್ತೆಂಟು ವರ್ಸದ ಸರ್ವೀಸು ನಂದು. ಬಿಚ್ಚಿದ ಪಿಸ್ತೂಲಿಗೆ ಅಕ್ಷತೆ ಆಕಿದ್ದು ಈಗ್ಲೇ ನೋಡಿದ್ದು."

"ತಪ್ಪಾಯ್ತು."

"ತೆಪ್ಪೇನ್ ಬಂತು? ಸದ್ಯ, ಇದ್ರ ಮೇಲೆ ಕುಂಬಳಕಾಯಿ ಒಡೀಲಿಲ್ವಲ್ಲ, ಅಷ್ಟು ಸಾಕು."

ಕಮಲಮ್ಮ ನಕ್ಕರು. ಅವರ ನಗು ನಾನು ಕೇಳಿದ್ದು ಅದೇ ಮೊದಲು. ಸಣ್ಣ ಹುಡುಗಿಯರ ಹಾಗೆ, ತಡೆದು ತಡೆದು ಬಂತು. ಮತ್ತೆ ಕಣ್ಣು ಮುಚ್ಚಿ ಕೂತರು.

ಕಿರ್ರ್. ಟಿಕ್. ಈ ಸಲ ಸ್ಪ್ರಿಂಗು ಕೊಳವೆಯ ತಳ ಮುಟ್ಟಿತು, ಮುಟ್ಟಿದ್ದೇ ಹಿಮ್ಮೆಟ್ಟಿ ಚಂಗನೆ ಹಾರಿ ನನ್ನ ಚಪ್ಪಲಿಯ ಹತ್ತಿರ ಬಿತ್ತು. ಎತ್ತಿಕೊಟ್ಟೆ. ಜವರಯ್ಯ ಅದನ್ನು ಒರೆಸಿದರು.

"ಎಲ್ಲಿ, ಬಯ್ಯಲಿಲ್ಲ ನೀವು?" ಅಂದರು ಕಮಲಮ್ಮ, ಕಣ್ಣು ಮುಚ್ಚಿಕೊಂಡೇ.

"ಎಣ್ಣುಮಕ್ಕಳ ಮುಂದೆ ಎಂಗಮ್ಮಾ..."

"ಜೋಡಣೆ ಆಗಬೇಕೋ ಬೇಡವೋ?"

ಜವರಯ್ಯ ನನ್ನ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ಥೂ, ನಿನ್ ಮನೆ ಆಳಾಗ," ಅಂದರು ಸ್ಪ್ರಿಂಗಿಗೆ, ಬಹಳ ಮರ್ಯಾದೆಯಿಂದ.

ಟಿಕ್. ಆಮೇಲೆ ಮೇಲಿನ ಮುಚ್ಚಳವನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟರು. ಟಕ್! ಮುಚ್ಚಳ ಕೂದಲೆಳೆಯಷ್ಟೂ ಸಂದಿ ಉಳಿಯದಂತೆ ಹೋಗಿ ಕೂತಿತು. ನಾನು ಗಾಜು ಹಿಡಿದು ನಂಬರು ಓದಿದೆ, ಜವರಯ್ಯ ಪತ್ರದಲ್ಲಿದ್ದುದರ ಮೇಲೆ ಬೆರಳಾಡಿಸಿದರು. ಒಂದು ಅಂಕಿಯೂ ತಪ್ಪಿರಲಿಲ್ಲ.

ತೋರಿಸೋಣವೆಂದು ತಲೆಯೆತ್ತಿದರೆ ಸ್ಟೂಲಿನ ಮೇಲೆ ಬಿಸ್ಕತ್ತಿನ ಡಬ್ಬಿ ಒಂದೇ ಇತ್ತು. ಬಾಗಿಲು ತೆರೆದಿತ್ತು. ಓಣಿಯಾಚೆ, ಕಾಫಿ ಅಂಗಡಿಯ ಮುಂದೆ, ಕಮಲಮ್ಮನವರು ಒಲೆಯ ಮೇಲಿನ ಹಾಲನ್ನು ಬಗ್ಗಿ ನೋಡುತ್ತ, ಹುಡುಗನಿಗೆ ಮೂರು ಬೆರಳು ತೋರಿಸುತ್ತಿದ್ದರು.